ಮುತ್ಯಾನ ಕಾಲದ ಬಂದೂಕಿನ ತೋಟಾ (ಕಾಡತೂಸು) ತುಂಬುವ ಸಾಮಾನು, ಜೊತೆಗೆ ಮದ್ದಿನ ಡಬ್ಬಿಗಳು ಸಿಕ್ಕಿವೆ, ಈಗ ಬಳಸಬಹುದಾ?

ಬಳಸಬೇಡಿ. ಚಿಂಚೋಳಿಯ ಹಳೇ ಮನೆಯಲ್ಲಿ ಸಿಕ್ಕ ಕೈಪ್ರೆಸ್ಸು (ತೋಟಾ ಒತ್ತಿ ಕೂಡಿಸುವ ಕೈಯಂತ್ರ), ಮದ್ದು ತೂಗುವ ತಕ್ಕಡಿ ಎಷ್ಟೇ ಗಟ್ಟಿಯಾಗಿ ಕಂಡರೂ ಸರಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ತೋಟಾ ತಯಾರಿಸುವ ಯಂತ್ರವೂ ಮದ್ದುಗುಂಡಿನ ಲೆಕ್ಕಕ್ಕೇ ಬರುತ್ತದೆ. ತೋಟಾ ತಯಾರಿಸಲು ಬೇರೆಯದೇ ಲೈಸೆನ್ಸ್ ಬೇಕು. ಮುತ್ಯಾನ ಹೆಸರಲ್ಲಿದ್ದ ಬಂದೂಕಿನ ಲೈಸೆನ್ಸ್ ಅಂತೂ ನಿಮಗೆ ತಾನಾಗೇ ಬರುವುದಿಲ್ಲ.

ನನಗೆ ಜಾಸ್ತಿ ಚಿಂತೆ ಇರುವುದು ಜೊತೆಗೆ ಸಿಕ್ಕಿದೆ ಎಂದಿರಲ್ಲ, ಆ ಮದ್ದಿನ ಡಬ್ಬಿಗಳದ್ದು. ಕಬ್ಬಿಣ ತುಕ್ಕು ಹಿಡಿದು ಸುಮ್ನೆ ಕೂತಿರುತ್ತದೆ, ಮದ್ದು ಹಾಗಲ್ಲ. ಹೊಗೆ ಕಮ್ಮಿ ಬರುವ ಮದ್ದಿನ ಮೂಲವಸ್ತು ನೈಟ್ರೋಸೆಲ್ಯುಲೋಸ್, ಅಂದರೆ ಹತ್ತಿಯಂಥ ನಾರನ್ನು ಆಮ್ಲದಲ್ಲಿ ನೆನೆಸಿ ಮಾಡಿದ್ದು. ಅದು ವರ್ಷಗಟ್ಟಲೆ ನಿಧಾನವಾಗಿ ಕೆಡುತ್ತಾ ಆಮ್ಲದ ಆವಿ ಬಿಡುತ್ತದೆ. ಅದೇ ಆವಿ ಉಳಿದ ಮದ್ದನ್ನು ಇನ್ನೂ ಬೇಗ ಕೆಡಿಸುತ್ತದೆ. ಇದನ್ನು ತಡೆಯಲು ಬೆರೆಸಿದ ರಾಸಾಯನಿಕ ಮುಗಿದ ಮೇಲೆ ಮದ್ದು ಒಳಗೇ ಬಿಸಿಯಾಗಿ ತಾನೇ ಹೊತ್ತಿಕೊಳ್ಳಬಹುದು. ನಮ್ಮ ಕಲಬುರಗಿ ಬೇಸಿಗೆಯ 40 ಡಿಗ್ರಿ ದಾಟುವ ಬಿಸಿಲು ಬೇರೆ, ಅಲ್ವಾ? ಮೂಗಿಗೆ ಹೊಡೆಯುವ ಹುಳಿ ವಾಸನೆ, ಕಂದು ಪುಡಿ, ಡಬ್ಬಿಗೆ ಹಿಡಿದ ತುಕ್ಕು ಇದರ ಗುರುತು. ಹಾಗಂತ ನೋಡಲು ಮುಚ್ಚಳ ತೆಗೆಯಬೇಡಿ. ತೋಟಾದ ಮದ್ದಿಗೆ ಕಿಡಿ ಹೊತ್ತಿಸುವ ಹಳೇ ಕೇಪುಗಳನ್ನೂ ಮುಟ್ಟಬೇಡಿ, ಕೆಲವು ಸಣ್ಣ ಪೆಟ್ಟಿಗೂ ಸಿಡಿಯುತ್ತವೆ.

ವಾರಸುದಾರರು ಇಂಥ ಸಾಮಾನನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು ಅಂತ ಅದೇ ಕಾಯ್ದೆ ಹೇಳುತ್ತದೆ. ಬೈಕಿನಲ್ಲಿ ಹೊತ್ತೊಯ್ಯಬೇಡಿ. ಮಕ್ಕಳನ್ನು ಆ ಕೋಣೆಯಿಂದ ದೂರ ಇಟ್ಟು, ಫೋನ್ ಮಾಡಿ ಪೊಲೀಸರನ್ನೇ ಮನೆಗೆ ಕರೆಸಿ.