ಕೆರಿಬಿಯನ್‌ನ ಕಬ್ಬಿನ ತೋಟಗಳ ಭಾರತೀಯ ಕೂಲಿಗಳ ಪರವಾಗಿ ಆ ಕಾಲದಲ್ಲಿ ಯಾರಾದರೂ ದನಿ ಎತ್ತಿದ್ದರೇ?

ಎತ್ತಿದ್ದರು. ಬ್ರಿಟಿಷ್ ಗಯಾನಾದಲ್ಲಿ (ದಕ್ಷಿಣ ಅಮೆರಿಕದ ಇಂದಿನ ಗಯಾನಾ) ಮ್ಯಾಜಿಸ್ಟ್ರೇಟ್ ಆಗಿದ್ದ ಡೆ ವೂ 1869ರಲ್ಲಿ ಲಂಡನ್ನಿಗೆ ಬರೆದ ದೀರ್ಘ ಪತ್ರದಿಂದಾಗಿ ಮರುವರ್ಷವೇ ವಿಚಾರಣಾ ಆಯೋಗ ಬಂದಿತು. ಆದರೆ ನನಗೆ ಹೆಚ್ಚು ದೊಡ್ಡವನಾಗಿ ಕಾಣುವವನು ಬೇಚು. ಅವನು ಅಧಿಕಾರಿಯಲ್ಲ; 1894ರಲ್ಲಿ ಕಲ್ಕತ್ತಾದಿಂದ ಹಡಗೇರಿ ಗಯಾನಾದ ಎನ್‌ಮೋರ್ ತೋಟಕ್ಕೆ ಬಂದ ಕರಾರು ಕೂಲಿ.

ಐದು ವರ್ಷಗಳ ಆ ಕರಾರು ಎಷ್ಟು ಕ್ರೂರವಾಗಿತ್ತೆಂದರೆ, ಕೆಲಸಕ್ಕೆ ತಪ್ಪಿಸಿಕೊಂಡರೆ ಅದು ಅಪರಾಧ, ಜೈಲೇ ಗತಿ. 1896ರ ಅಕ್ಟೋಬರಿನಲ್ಲಿ ನಾನ್ ಪರೇಲ್ ತೋಟದಲ್ಲಿ ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರನ್ನು ಕೊಂದರು. ಬೇಚುವಿಗೆ ಇಂಗ್ಲಿಷ್ ಬರುತ್ತಿತ್ತು. ಆ ಹತ್ಯೆಯ ಬೆನ್ನಿಗೇ ಅವನು ಅಲ್ಲಿನ 'ಡೈಲಿ ಕ್ರಾನಿಕಲ್' ಪತ್ರಿಕೆಗೆ ಬರೆಯತೊಡಗಿದ. ಕಾನೂನು ಹೇಳುವ ದಿನಗೂಲಿ ಏಕೆ ಸಿಗುತ್ತಿಲ್ಲ, ಮೇಲ್ವಿಚಾರಕರು ಕೂಲಿ ಹೆಂಗಸರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದನ್ನು ತನ್ನ ಹೆಸರು ಹಾಕಿಯೇ ಬರೆದ. ಕರಾರಿನಲ್ಲಿರುವಾಗಲೇ ಹೀಗೆ ಬರೆಯುವುದಕ್ಕೆ ಎಂಥ ಎದೆಗಾರಿಕೆ ಬೇಕು!

1897ರಲ್ಲಿ ಬ್ರಿಟನ್ ಕಳಿಸಿದ್ದ ವಿಚಾರಣಾ ಸಮಿತಿಯಾದ ರಾಯಲ್ ಆಯೋಗದ ಮುಂದೆ ಸಾಕ್ಷ್ಯವನ್ನೂ ನುಡಿದ. ಮುಂದೆ ತೋಟದ ಮ್ಯಾನೇಜರೊಬ್ಬನ ಮಾನನಷ್ಟ ಮೊಕದ್ದಮೆಯನ್ನು ಎದುರಿಸಬೇಕಾಯಿತು. ಎರಡು ಬಾರಿ ವಿಚಾರಣೆ ನಡೆದರೂ ಜ್ಯೂರಿಯಲ್ಲಿ ಒಮ್ಮತ ಮೂಡಲಿಲ್ಲ. 1901ರಲ್ಲಿ ಅವನು ಆ ನಾಡು ಬಿಟ್ಟ. ಹೊಸ ಕೂಲಿಗಳ ಸಾಗಣೆ ನಿಂತದ್ದು 1917ರಲ್ಲಿ.