ಚಂದ್ರವಳ್ಳಿಯ ಕಪ್ಪು-ಕೆಂಪು ಬೋಕಿ ಬಗ್ಗೆ

ಚಿತ್ರದುರ್ಗದ ಚಂದ್ರವಳ್ಳಿ ಕೆರೆ ಹತ್ತಿರ ಸಿಕ್ಕ ಬೋಕಿ (ಹಳೇ ಮಡಕೆ ಚೂರು) ಒಳಗೆ ಕಪ್ಪು, ಹೊರಗೆ ಕೆಂಪು ಇದೆ, ಅಡುಗೆ ಮಾಡಿ ಸೀದಿದ್ದಾ ಅಂತ ಕೇಳಿದ್ದೀರಿ. ಇಲ್ಲ ಅನ್ಸುತ್ತೆ. ಒಲೆಯ ಮಸಿ ಮಡಕೆಯ ಹೊರಗೆ ಹಿಡಿಯುತ್ತದೆ ಅಲ್ವಾ?

ಈ ಬಣ್ಣ ಮಡಕೆ ಸುಡುವಾಗಲೇ ಬರುವಂಥದ್ದು. ಮಡಕೆಯನ್ನು ಬೋರಲು ಹಾಕಿ ಸುಟ್ಟರೆ ಹೊರಮೈಗೆ ಗಾಳಿ ಸಿಗುತ್ತದೆ, ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಒಳಗೆ ಮತ್ತು ಬಾಯಂಚಿಗೆ ಗಾಳಿ ಸಿಗಲ್ಲ, ಅಲ್ಲಿ ಕಪ್ಪು ಕೂರುತ್ತದೆ. ಆಮೇಲೆ ಮೈ ನುಣುಪಾಗಿದೆಯಾ ನೋಡಿ. ಸುಡುವ ಮೊದಲು ಚೆನ್ನಾಗಿ ಉಜ್ಜುತ್ತಿದ್ದರು. ಎರಡು ಸಾವಿರ ವರ್ಷಕ್ಕೂ ಹಿಂದೆ ನಮ್ಮ ಕಡೆಯ ಕುಂಬಾರರು ಬೆಂಕಿಯನ್ನು ಇಷ್ಟು ಹಿಡಿತದಲ್ಲಿ ಇಟ್ಟಿದ್ದರು. ಕೋಟೆಗಿಂತ ನನಗೆ ಇದೇ ಜಾಸ್ತಿ ಹೆಮ್ಮೆ.

ಮೈಸೂರಿನ ಪುರಾತತ್ವ ತಜ್ಞ ಎಂ.ಎಚ್. ಕೃಷ್ಣ 1929ರ ಹೊತ್ತಿಗೆ ಇಲ್ಲಿ ಅಗೆಸಿದರು. 1947ರಲ್ಲಿ ಬ್ರಿಟಿಷ್ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಇಲ್ಲಿಯೂ ಮೊಳಕಾಲ್ಮೂರಿನ ಬ್ರಹ್ಮಗಿರಿಯಲ್ಲಿಯೂ ಅಗೆಸಿದರು. ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮ್‌ನ ಬೆಳ್ಳಿ ನಾಣ್ಯಗಳೂ ಸಿಕ್ಕವು. ಪುದುಚೇರಿ ಹತ್ತಿರದ ಅರಿಕಮೇಡಿನಲ್ಲಿ ಸಿಕ್ಕಂಥ, ಒಳತಳದಲ್ಲಿ ಸುತ್ತು ಗೆರೆ ಒತ್ತಿದ ತಟ್ಟೆಗಳ ಚೂರೂ ಬಂದವು. ಇವುಗಳ ಕಾಲ ಗೊತ್ತಿದ್ದರಿಂದ ಇವನ್ನು ಹಿಡಿದೇ ವೀಲರ್ ಇಲ್ಲಿನ ಮಣ್ಣಿನ ಪದರಗಳಿಗೆ ಕಾಲ ಕಟ್ಟಿದರು.

ಅದಕ್ಕೇ ಒಂದು ಕೋರಿಕೆ. ಬೋಕಿಯನ್ನು ಮನೆಗೆ ತರಬೇಡಿ. ಇದ್ದ ಜಾಗ ತಪ್ಪಿದರೆ ಅದರ ಕಾಲ ಹೇಳೋದು ಕಷ್ಟ. ಹತ್ತಿರದಿಂದ ನೋಡಬೇಕಂದ್ರೆ ದುರ್ಗದ ರಂಗಯ್ಯನ ಬಾಗಿಲ ಬಳಿಯ ಸರ್ಕಾರಿ ಮ್ಯೂಸಿಯಂಗೆ ಹೋಗಿ.