ನಾವಿಕರೆಲ್ಲ ಒಂದೇ ಮಾತು ಹೇಳಿದರೆ ಅದು ಸುಳ್ಳೇ?

ಉದುಮದ ಗೆಳೆಯರೇ, 17ನೇ ಶತಮಾನದಲ್ಲಿ ಹಡಗು, ಸರಕುಗಳ ವ್ಯಾಜ್ಯ ನೋಡುತ್ತಿದ್ದ ಲಂಡನ್ನಿನ ಅಡ್ಮಿರಾಲ್ಟಿ ನ್ಯಾಯಾಲಯದಲ್ಲಿ ಪ್ರಮಾಣ ಮಾಡಿದ ನಾವಿಕರೆಲ್ಲ ಬಿರುಗಾಳಿಯನ್ನು ಒಂದೇ ಮಾತಿನಲ್ಲಿ ಬಣ್ಣಿಸಿದ್ದಾರೆ, ಇದು ಹೇಳಿಕೊಟ್ಟ ಸಾಕ್ಷ್ಯವಲ್ಲವೇ ಎಂದು ಕೇಳಿದ್ದೀರಿ. ದಯವಿಟ್ಟು ಅಷ್ಟು ಬೇಗ ತೀರ್ಪು ಕೊಡಬೇಡಿ. ವಕೀಲರು ಮೊದಲೇ ಬರೆದಿಟ್ಟ ಅಂಶಗಳಿಗೆ ಸಾಕ್ಷಿ ಒಂದೊಂದಾಗಿ ಉತ್ತರಿಸುತ್ತಿದ್ದ, ಗುಮಾಸ್ತ ಅದನ್ನು ಕಚೇರಿಯ ಭಾಷೆಗೆ ಇಳಿಸುತ್ತಿದ್ದ. ಮಾತು ಒಂದೇ ಆಗಲು ಅದೇ ಸಾಕು. ಬೇಕಲದ ಮೀನುಗಾರರು ಮಳೆಗಾಲದ ಕಡಲನ್ನು ವರ್ಣಿಸುವಾಗಲೂ ಮಾತುಗಳು ಮರುಕಳಿಸುತ್ತವೆ. ಅದರಿಂದ ಗಾಳಿ ಸುಳ್ಳಾಗುವುದಿಲ್ಲ.

ನಿಜವಾದ ತಿರುಳಿರುವುದು ಎದುರು ಕಕ್ಷಿಯ ಪ್ರಶ್ನೆಗಳಿಗೆ ಸಿಕ್ಕ ಉತ್ತರಗಳಲ್ಲಿ. ಹೊರಡುವಾಗಲೇ ಹಡಗು ಸೋರುತ್ತಿತ್ತೇ? ಸರಕನ್ನು ಸರಿಯಾಗಿ ಜೋಡಿಸಿದ್ದರೇ? ಸರಕು ನೆನೆದದ್ದು ಬಿರುಗಾಳಿಯಿಂದ ಎಂದಾದರೆ ಹಡಗಿನ ಒಡೆಯ ಸಾಮಾನ್ಯವಾಗಿ ಪಾರಾಗುತ್ತಿದ್ದ. ಹಲಗೆಯ ಬಿರುಕಿನಿಂದ ಎಂದಾದರೆ ವರ್ತಕ ಅವನನ್ನು ಬಿಡುತ್ತಿರಲಿಲ್ಲ. ಇಲ್ಲಿ ಒಬ್ಬ ಬಡಗಿ ಒಂದು ಹೇಳಿ ಇನ್ನೊಬ್ಬ ನಾವಿಕ ಬೇರೆಯೇ ಹೇಳಿದರೆ, ಆ ಪುಟವನ್ನು ನಿಧಾನವಾಗಿ ಓದಿ. ಇನ್ನೊಂದು ಸಂಗತಿ: ಹಡಗು ಮುಳುಗಿ ಸರಕಿನ ಬಾಡಿಗೆ ಕೈಸೇರದಿದ್ದರೆ ನಾವಿಕನಿಗೆ ಸಂಬಳವೂ ಇರಲಿಲ್ಲ. ಪ್ರಾಣ ಉಳಿಸಿಕೊಂಡು ಬರಿಗೈಯಲ್ಲಿ ಬಂದವನ ಮಾತು ಅದು. ಅವನನ್ನು ಒಡೆಯನ ಬಾಲಬಡುಕ ಎಂದುಬಿಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಪ್ರತಿ ಹೇಳಿಕೆಯ ತಲೆಯಲ್ಲಿ ಹೆಸರು, ಊರು, ಕಸುಬು, ವಯಸ್ಸು ಇರುತ್ತವೆ. ಅಡಿಯಲ್ಲಿ ಸಹಿ, ಅಕ್ಷರ ಬಾರದವರದ್ದಾದರೆ ಗುರುತು. ಮೂಲ ಪುಸ್ತಕಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ‘ಎಚ್‌ಸಿಎ 13’ ಸರಣಿಯಲ್ಲಿವೆ (ಎಚ್‌ಸಿಎ ಎಂದರೆ ಹೈ ಕೋರ್ಟ್ ಆಫ್ ಅಡ್ಮಿರಾಲ್ಟಿ, ಅದೇ ನ್ಯಾಯಾಲಯ).